ಪದಚರ್ಚೆ: ‘ನಿಷೇಧದ ನಿಷೇಧ’ ಜೀವವಿಕಾಸಕ್ಕೆ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮಾರ್ಕ್ಸ್‌ವಾದ ಮತ್ತು ಜೀವವಿಕಾಸದ ಬಗ್ಗೆ ಬರೆಯುತ್ತಿದ್ದೇನೆ. ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್ ನಿಸರ್ಗಕ್ಕೆ ಹೇಳಿದ ಮೂರು ನಿಯಮಗಳಲ್ಲಿ ಎರಡಕ್ಕೆ ಪದದ ತೊಂದರೆ ಇಲ್ಲ. ‘ಪರಿಮಾಣದಿಂದ ಗುಣಕ್ಕೆ’, ‘ವಿರುದ್ಧಗಳ ಏಕತೆ’ ಅಂದರೆ ಅರ್ಥವಾಗುತ್ತದೆ. ಮೂರನೆಯದೇ ಕಷ್ಟ: ‘ನಿಗೇಶನ್ ಆಫ್ ನಿಗೇಶನ್’. ಅಂದರೆ ಒಂದು ಹೋಗಿ ಇನ್ನೊಂದು ಬರುವುದು, ಅದೂ ಹೋಗಿ ಮೊದಲಿನದು ಹೊಸ ರೂಪದಲ್ಲಿ ಮರಳುವುದು.

‘ನಿಷೇಧದ ನಿಷೇಧ’ ಅಂದರೆ ಯಾರೋ ಆಜ್ಞೆ ಹೊರಡಿಸಿ ತಡೆದ ಹಾಗೆ ಕೇಳುತ್ತದೆ. ‘ನಿರಾಕರಣೆ’ಗೆ ಬೇಡ ಅನ್ನುವ ಮನಸ್ಸೊಂದು ಇರಬೇಕು. ನಿಸರ್ಗದಲ್ಲಿ ಎರಡೂ ಇಲ್ಲ, ಅಲ್ವಾ?

1878ರ ‘ಆಂಟಿ-ಡ್ಯೂರಿಂಗ್’ ಪುಸ್ತಕದಲ್ಲಿ ಎಂಗೆಲ್ಸ್ ಬಾರ್ಲಿ ಕಾಳಿನ ಉದಾಹರಣೆ ಕೊಡುತ್ತಾರೆ. ಮೊಳೆತ ಕಾಳು ಕಾಳಾಗಿ ಉಳಿಯುವುದಿಲ್ಲ, ಗಿಡವಾಗುತ್ತದೆ. ಗಿಡ ತೆನೆ ಬಿಟ್ಟು ಒಣಗುತ್ತದೆ. ಮತ್ತೆ ಕಾಳೇ, ಆದರೆ ಈಗ ಹಲವು. ಕಾಳನ್ನು ಬೀಸಿದರೂ ಅದು ಇಲ್ಲವಾಗುತ್ತದೆ ನಿಜ. ಆದರೆ ಅಲ್ಲಿಗೇ ಕತೆ ಮುಗಿಯಿತು, ಎರಡನೆಯ ಹೆಜ್ಜೆಗೆ ದಾರಿಯೇ ಇಲ್ಲ. ಹಳೆಯದು ಹೋಗಬೇಕು, ಹೋಗುತ್ತಾ ಮುಂದಿನದಕ್ಕೆ ಏನನ್ನೋ ಬಿಟ್ಟುಕೊಡಬೇಕು. ನಮಗೆ ಬೇಕಾದ ಪದದಲ್ಲಿ ಈ ಎರಡೂ ಇರಬೇಕು.

ನಾನು ಕೊಡಬೇಕೆಂದಿರುವ ಉದಾಹರಣೆ ತಿಮಿಂಗಿಲದ್ದು. ಮೀನುಗಳ ಒಂದು ಕವಲು ನೆಲಕ್ಕೆ ಬಂತು. ಅದರ ಸಂತತಿಯ ಕೆಲವು ಸಸ್ತನಿಗಳು ಸುಮಾರು 5 ಕೋಟಿ ವರ್ಷಗಳ ಹಿಂದೆ ನೀರಿಗೆ ಮರಳಿದವು. ಆದರೂ ಅವು ಮತ್ತೆ ಮೀನಾಗಲಿಲ್ಲ. ಇವತ್ತಿಗೂ ಶ್ವಾಸಕೋಶದಿಂದಲೇ ಉಸಿರಾಡುತ್ತವೆ, ಮರಿಗೆ ಹಾಲೂಡಿಸುತ್ತವೆ. ಇದನ್ನು ‘ನಿಷೇಧ’ ಅನ್ನಲು ನನಗೆ ಮನಸ್ಸೇ ಬರುತ್ತಿಲ್ಲ. (ಎಂಗೆಲ್ಸ್‌ರ ನಿಯಮ ನಡೆದದ್ದನ್ನು ನೋಡುವ ಬಗೆ ಮಾತ್ರ. ನಡೆಸಿದ್ದು ನಿಸರ್ಗದ ಆಯ್ಕೆ. ತತ್ವವೇ ಪ್ರಯೋಗದ ಫಲಿತಾಂಶ ಹೇಳಹೊರಟರೆ ಏನಾಗುತ್ತದೆ ಎಂಬುದಕ್ಕೆ 1948ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ತಳಿವಿಜ್ಞಾನವನ್ನು ತತ್ವದ ಹೆಸರಿನಲ್ಲಿ ಅಲ್ಲಗಳೆದ ಕೃಷಿವಿಜ್ಞಾನಿ ಲೈಸೆಂಕೊ ಸರ್ಕಾರದ ಬೆಂಬಲದಿಂದ ಗೆದ್ದು ಆ ವಿಜ್ಞಾನವೇ ನೆಲಕಚ್ಚಿದ್ದೇ ಸಾಕ್ಷಿ.)

‘ಅಳಿವಿನ ಅಳಿವು’ ಆಗದು. ಜೀವವಿಜ್ಞಾನದಲ್ಲಿ ‘ಅಳಿವು’ ಅಂದರೆ ಪ್ರಭೇದವೇ ಇಲ್ಲವಾಗುವುದು. ‘ಮೀರಿಕೆ’ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಅದರಲ್ಲಿ ಮೇಲೇರಿದ ಧ್ವನಿ ಜಾಸ್ತಿ, ಡಾರ್ವಿನ್‌ನ ವಿಕಾಸಕ್ಕೆ ಏಣಿಯಿಲ್ಲ. ಸದ್ಯಕ್ಕೆ ‘ಕಳಚಿಕೆ’ ಎಂದು ಬರೆದುಕೊಂಡಿದ್ದೇನೆ. ಹಾವು ಪೊರೆ ಕಳಚಿದರೂ ಹಾವು ಉಳಿಯುತ್ತದೆ ಎಂಬ ಅರ್ಥ ಅದರಲ್ಲಿದೆ. ಆದರೆ ‘ಕಳಚಿಕೆಯ ಕಳಚಿಕೆ’ ಓದಲು ತೊಡರುತ್ತದೆ, ವಿರೋಧದ ಬಿಸಿಯೂ ಅದರಲ್ಲಿಲ್ಲ.

ಹಳೆಯ ಅನುವಾದಗಳಲ್ಲಿ ಬೇರೆ ಪದ ಕಂಡವರು ದಯವಿಟ್ಟು ತಿಳಿಸಿ. ಹೊಸದು ಹೊಳೆದರೆ ಅದೂ ಬೇಕು. ಆದರೆ ಕ್ರಿಯಾಪದವಾಗಿಯೂ ಬಳಸಲು ಬರಬೇಕು.