ಸಹಾಯ ಬೇಕು: ಪ್ಯಾಸೆಂಜರ್ ಬಿಟ್ಟು ಕಾರ್ಗೋಗೆ ಹೋಗ್ಲಾ?

ಎಲ್ರಿಗೂ ನಮಸ್ಕಾರ. ಮುಂಬೈ ಅಂಧೇರಿಲಿ ಇರೋದು, ಎ320 ವಿಮಾನದಲ್ಲಿ ಫಸ್ಟ್ ಆಫೀಸರ್ (ಕೋ-ಪೈಲಟ್). ಕ್ಯಾಪ್ಟನ್ ಆಗೋಕೆ ಬೇಕಿರೋ ಲೈಸೆನ್ಸು ಎಟಿಪಿಎಲ್, ಅದಕ್ಕೆ ಬೇಕಾದ 1500 ಗಂಟೆ ಹಾರಾಟ ಯಾವಾಗ್ಲೋ ದಾಟಿ ಲೈಸೆನ್ಸೂ ಕೈಗೆ ಬಂದಿದೆ, ಆದ್ರೆ ಕಮಾಂಡ್ ಅಪ್‌ಗ್ರೇಡ್ (ಕ್ಯಾಪ್ಟನ್ ಬಡ್ತಿ) ಕ್ಯೂ ಮಾತ್ರ ಸಾಯಂಕಾಲದ ವಿರಾರ್ ಲೋಕಲ್ ಬಾಗಿಲಿದ್ದಂಗಿದೆ, ಒಳಗೆ ಹೋಗೋಕೇ ಆಗ್ತಿಲ್ಲ. ಈಗ ಒಂದು ಕಾರ್ಗೋ ಕಂಪನಿಯಿಂದ 737 ಫ್ರೈಟರ್‌ಗೆ ಆಫರ್ ಬಂದಿದೆ. ಬೇಗ ಎಡಗಡೆ ಸೀಟು, ಅಂದ್ರೆ ಕ್ಯಾಪ್ಟನ್ ಸೀಟು ಕೊಡ್ತೀವಿ ಅಂತಾರೆ, ಮೇಲ್‌ನಲ್ಲಿ ಬರೆದುಕೊಡಿ ಅಂದ್ರೆ ಮಾತು ಮರೆಸ್ತಾರೆ.

ಎ321 ಫ್ರೈಟರ್ ಆಗಿದ್ರೆ ಇರೋ ಟೈಪ್ ರೇಟಿಂಗೇ (ಆ ಮಾದರಿ ವಿಮಾನ ಹಾರಿಸೋ ಅರ್ಹತೆ) ನಡೀತಿತ್ತು, ಇದಕ್ಕೆ ಹೊಸ ಟೈಪ್ ರೇಟಿಂಗು, ಅದರ ಮೇಲೆ ಬಾಂಡು. ಡಿಜಿಸಿಎ (ವಿಮಾನಯಾನ ನಿಯಂತ್ರಕ ಸಂಸ್ಥೆ) ರೂಲ್ ಪ್ರಕಾರ ಈಗ ಬಿಡೋಕೆ 6 ತಿಂಗಳು ನೋಟಿಸ್, ಅಲ್ಲಿ ಕ್ಯಾಪ್ಟನ್ ಆಗಿ ಆಮೇಲೆ ಬೇಡ ಅನ್ಸಿದ್ರೆ 1 ವರ್ಷ. ಇನ್ನು ರಾತ್ರಿ ಡ್ಯೂಟಿ. 2ರಿಂದ 6 ಗಂಟೆ ದೇಹ ಪೂರ್ತಿ ಮಂಕಾಗೋ ಹೊತ್ತು, ಕಾರ್ಗೋದವರಿಗೆ ಅದೇ ಪೀಕ್ ಟೈಮು. ಹಗಲು ಮಲಗೋಣ ಅಂದ್ರೆ ನಮ್ಮ ಸೊಸೈಟಿಲಿ ಯಾವಾಗ್ಲೂ ಯಾರದೋ ಮನೆ ಟೈಲ್ಸ್ ಒಡೀತಿರ್ತಾರೆ! ಅಮ್ಮಂದು ಬೇರೆ, "ಜನಾನೇ ಇಲ್ದಿರೋ ವಿಮಾನ ಯಾಕೋ" ಅಂತ.

ಸೀನಿಯರ್‌ಗಳನ್ನ ಕೇಳ್ದೆ, ಅರ್ಧ ಜನ ಹೋಗು ಅಂತಾರೆ, ಅರ್ಧ ಜನ ಹೋದ್ರೆ ವಾಪಸ್ ಬರೋದು ಕಷ್ಟ ಅಂತಾರೆ. ಸಂಬಳದ ಲೆಕ್ಕ ಹೆಂಗೋ ಸರಿಹೋಗತ್ತೆ, ಸಿಕ್ಕಾಕೊಂಡಿರೋದು ಈ ವಾಪಸ್ ವಿಷಯದಲ್ಲೇ.

ನಮ್ಮವರಲ್ಲಿ ಯಾರಾದ್ರೂ ಫ್ರೈಟರ್‌ಲಿ ಕಮಾಂಡ್ ತಗೊಂಡು ಮತ್ತೆ ಪ್ಯಾಸೆಂಜರ್ ಏರ್‌ಲೈನ್‌ಗೆ ಬಂದಿದೀರಾ? ಆ ಪಿಐಸಿ ಗಂಟೆಗಳನ್ನ (ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆಗಳು) ನೋಡಿ ನೇರ ಕ್ಯಾಪ್ಟನ್ ಆಗಿ ತಗೊಂಡ್ರಾ, ಇಲ್ಲ ಮತ್ತೆ ಬಲಗಡೆ ಸೀಟಿಂದಾನೇ ಶುರು ಮಾಡಿಸಿದ್ರಾ?