ಅಪ್‌ಡೇಟ್: ಚಿಂಚೋಳಿ ಕಾಡಿಗೆ ಅನುಮತಿ ಬೇಕಾ ಅಂತ ಕೇಳಿದ್ದೆ

ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಜಲಾಶಯದ ಹತ್ತಿರದ ಕಾಡಲ್ಲಿ ಮಕ್ಕಳ ಜೊತೆ ನಡೆದು, ಒಂದು ರಾತ್ರಿ ಟೆಂಟ್ ಹಾಕಬಹುದಾ, ಅನುಮತಿ ಬೇಕಾ ಅಂತ ಕೇಳಿದ್ದೆ. ಸುಮ್ನೆ ಹೋಗಿ ಬನ್ನಿ ಅಂದವರೇ ಜಾಸ್ತಿ. ಮೊದಲು ಅರಣ್ಯ ಕಚೇರಿಯಲ್ಲಿ ಕೇಳಿ ಅಂದವರು ಇಬ್ಬರೇ. ಅವರು ಹೇಳಿದ್ದೇ ಸರಿ.

ಇದು 2011ರಲ್ಲಿ ವನ್ಯಜೀವಿ ಧಾಮವಾದ ಜಾಗ, ಸುಮಾರು 135 ಚದರ ಕಿ.ಮೀ. ಧಾಮದೊಳಗೆ ಹೋಗಲು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಬೇಕು. ಪ್ರವಾಸ, ಫೋಟೋ, ಅಧ್ಯಯನ ಇಂಥ ಕಾರಣಗಳಿಗೆ ಕೊಡುತ್ತಾರೆ. ಪಕ್ಕದ ತಾಂಡಾದವರು ದಿನಾ ಓಡಾಡುತ್ತಾರಲ್ಲ, ನಮಗ್ಯಾಕೆ ಇದು ಅಂತ ನನಗೂ ಅನಿಸಿತ್ತು. ಆದರೆ ಅದು ಅವರ ಊರು, ಅವರ ದಾರಿ. ನಾವು ಹೊರಗಿನವರು, ಅಲ್ವಾ?

ಹಾಗಾಗಿ ಟೆಂಟ್ ಆಸೆ ಬಿಟ್ಟೆವು. ಅರಣ್ಯ ಕಚೇರಿಯಲ್ಲಿ ಕೇಳಿಕೊಂಡು, ಹಗಲು ಮಾತ್ರ ಹೋಗಿ ಬಂದೆವು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆವು, ಒಲೆ ಹಚ್ಚುವ ಮಾತೇ ಬರಲಿಲ್ಲ. ಧಾಮದಲ್ಲಿ ಬೆಂಕಿ ಹಚ್ಚುವುದು ಅಪರಾಧ. ನಮ್ಮ ಕಡೆಯ ಕಾಡು ಬೇಸಿಗೆಯಲ್ಲಿ ಎಲೆ ಉದುರಿಸಿ ಒಣಗಿ ನಿಲ್ಲುತ್ತದೆ, ಒಂದು ಕಿಡಿ ಸಾಕು. ಇದನ್ನು ದಯವಿಟ್ಟು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ.

ನೀರಿನ ದಂಡೆಯಲ್ಲಿ ಮಗಳು ಒಂದು ತಾಸು ಮಾತೇ ಆಡದೆ ಹಕ್ಕಿ ನೋಡುತ್ತಾ ಕೂತಿದ್ದಳು. ಉತ್ತರ ಕೊಟ್ಟ ಆ ಇಬ್ಬರಿಗೂ ತುಂಬಾ ಥ್ಯಾಂಕ್ಸ್.