ದ್ವೀಪ ಪ್ರವಾಸದಲ್ಲಿ ಆಳಸಮುದ್ರದ ಗಾಳಕ್ಕೆ ಖಾಸಗಿ ಬೋಟ್: ಇಡೀ ದಿನವೋ, ಅರ್ಧ ದಿನವೋ?

ನಿಧಾನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಮನೆಯ ಐದು ಮಂದಿ ಉಷ್ಣವಲಯದ ದ್ವೀಪವೊಂದಕ್ಕೆ ಒಂದು ವಾರದ ಪ್ರವಾಸ ಹೊರಡಲಿದ್ದೇವೆ. ಅದರಲ್ಲಿ ಒಂದು ದಿನವನ್ನು ಆಳಸಮುದ್ರದಲ್ಲಿ ಗಾಳ ಹಾಕುವುದಕ್ಕೆಂದೇ ತೆಗೆದಿರಿಸಿದ್ದೇನೆ. ಕೆರೆ, ಹೊಳೆಗಳ ದಡದಲ್ಲಿ ಗಾಳ ಹಿಡಿದು ಕೂತು ನನಗೆ ಅಭ್ಯಾಸವಿದೆ; ದಡವೇ ಕಾಣದಷ್ಟು ದೂರ ಹೋದ ಅನುಭವ ಮಾತ್ರ ಇಲ್ಲ. ಜೊತೆಗೆ ಬರುವವರು ನನ್ನ ಪತ್ನಿ, ಹದಿನಾರು ವರ್ಷದ ಮಗ, ಒಂಬತ್ತು ವರ್ಷದ ಮಗಳು ಮತ್ತು ಎಪ್ಪತ್ತೊಂದು ವರ್ಷದ ನಮ್ಮ ತಂದೆ. ತಂದೆಯವರಿಗೆ ಬೆಟ್ಟದ ರಸ್ತೆಯ ತಿರುವುಗಳಲ್ಲೇ ಹೊಟ್ಟೆ ತೊಳಸುತ್ತದೆ, ಆದರೂ ಬಿಟ್ಟು ಹೋದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಜಾಹೀರಾತುಗಳನ್ನು ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಎಲ್ಲದರಲ್ಲೂ ಆಳೆತ್ತರದ ಮಾರ್ಲಿನ್ ಮೀನಿನ ಪಕ್ಕ ನಗುತ್ತ ನಿಂತ ಪ್ರವಾಸಿಯ ಚಿತ್ರವೊಂದು ಇದ್ದೇ ಇರುತ್ತದೆ. ನಾಲ್ಕು, ಆರು, ಎಂಟು ಗಂಟೆಗಳ ಪ್ರವಾಸಗಳಿವೆ. ಅಪರಿಚಿತರೊಂದಿಗೆ ಹಂಚಿಕೊಳ್ಳುವ ಬೋಟ್ ಇದೆ, ಪೂರ್ತಿ ನಮಗೇ ಬಿಟ್ಟುಕೊಡುವ ಬೋಟೂ ಇದೆ. ಬಹುತೇಕರು ಅರ್ಧದಷ್ಟು ಹಣವನ್ನು ಮುಂಗಡವಾಗಿ ಕೇಳುತ್ತಿದ್ದಾರೆ. ಇಷ್ಟು ಖರ್ಚು ಮಾಡಿದ ಮೇಲೆ ಇಡೀ ದಿನವೇ ಇರಲಿ ಎಂದು ನನ್ನ ಆಸೆ. ಹಾಗೆ ಮಾಡುವುದು ಸರಿಯೇ? ಹಣ ಕಟ್ಟುವ ಮುನ್ನ ಏನೇನು ಕೇಳಿ ತಿಳಿದುಕೊಳ್ಳಬೇಕು?

ಹಾಯಿಪಟ

ನಿಧಾನಿಯವರೇ, ಯಾವ ಬೋಟ್ ಎಂಬುದಕ್ಕಿಂತ ಮೊದಲು ಯಾವ ಬಗೆಯ ಮೀನುಗಾರಿಕೆ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಆಳಸಮುದ್ರದ ಮೀನುಗಾರಿಕೆ ಎಂಬ ಒಂದೇ ಹೆಸರಿನಡಿ ಪರಸ್ಪರ ಹೋಲಿಕೆಯೇ ಇಲ್ಲದ ಎರಡು ದಿನಗಳನ್ನು ಮಾರುತ್ತಾರೆ.

ಒಂದು ಟ್ರೋಲಿಂಗ್. ಬೋಟ್ ಸುಮಾರು 6ರಿಂದ 9 ನಾಟ್ (ಗಂಟೆಗೆ ಸುಮಾರು 11ರಿಂದ 17 ಕಿಲೋಮೀಟರ್) ವೇಗದಲ್ಲಿ ಸಾಗುತ್ತಲೇ ಇರುತ್ತದೆ. ಹಿಂದೆ ನಾಲ್ಕೈದು ದಾರಗಳಲ್ಲಿ ಕೃತಕ ಎರೆಗಳು ನೀರಿನ ಮೇಲೆ ಪುಟಿಯುತ್ತ ಬರುತ್ತವೆ. ಮಾರ್ಲಿನ್, ಸೇಲ್‌ಫಿಶ್, ಹಳದಿ ರೆಕ್ಕೆಯ ಟ್ಯೂನ, ವಾಹೂ, ಮಾಹಿಮಾಹಿಗಳನ್ನು ಹಿಡಿಯುವುದು ಹೆಚ್ಚಾಗಿ ಹೀಗೆಯೇ. ಇದರಲ್ಲಿ ನಿಮ್ಮ ಕೆಲಸ ಕಾಯುವುದು. ಗಾಳದ ಕೋಲುಗಳು ಬೋಟಿನ ಅಂಚಿನ ಗೂಡುಗಳಲ್ಲಿ ನೆಟ್ಟಿರುತ್ತವೆ, ಎರೆಯನ್ನು ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಮೀನು ಕಚ್ಚಿ ರೀಲು ಕಿರುಚಿದಾಗ ಮಾತ್ರ ಎಲ್ಲರೂ ಏಳುತ್ತಾರೆ. ಅಂಥ ಕಿರುಚು ದಿನಕ್ಕೆ ನಾಲ್ಕು ಬಾರಿ ಬರಬಹುದು, ಒಮ್ಮೆಯೂ ಬಾರದೆ ಇರಬಹುದು. ಮಾರ್ಲಿನ್‌ಗಾಗಿಯೇ ಹೊರಟವರು ಬರಿಗೈಯಲ್ಲಿ ಮರಳುವುದು ಅಪರೂಪದ ಸಂಗತಿಯೇನಲ್ಲ.

ಇನ್ನೊಂದು, ಹವಳದ ದಿಬ್ಬದ ಅಂಚಿನಲ್ಲಿ ಬೋಟನ್ನು ನಿಲ್ಲಿಸಿ ಅಥವಾ ತೇಲಲು ಬಿಟ್ಟು, ಭಾರವಾದ ದಾರವನ್ನು ತಳಕ್ಕೆ ಇಳಿಸುವುದು, ಇಲ್ಲವೇ ಜಿಗ್ ಎಂಬ ಲೋಹದ ಕೃತಕ ಎರೆಯನ್ನು ಮೇಲಕ್ಕೂ ಕೆಳಕ್ಕೂ ಎಳೆದಾಡಿಸುವುದು. ಇಲ್ಲಿ ಮೀನು ಚಿಕ್ಕದು, ಆದರೆ ಕೈಗೆ ಕೆಲಸ ಹೆಚ್ಚು. ನಿಮ್ಮ ಮಗಳು ತಾನೇ ದಾರ ಬಿಟ್ಟು, ತಾನೇ ಸುತ್ತಿ, ತಾನೇ ಮೀನು ಎತ್ತಬಹುದು. ಕೆರೆಯ ದಡದಲ್ಲಿ ಬೆರಳಿಗೆ ದಾರದ ಮಿಡಿತ ತಿಳಿದ ನಿಮಗೂ ಇದೇ ಹೆಚ್ಚು ಹಿಡಿಸೀತು ಎಂದು ನನ್ನ ಊಹೆ. ತೊಡಕು ಒಂದೇ: ನಿಂತ ಬೋಟ್ ಸಾಗುವ ಬೋಟಿಗಿಂತ ಹೆಚ್ಚು ಹೊಯ್ದಾಡುತ್ತದೆ. ನಿಮ್ಮ ತಂದೆಯವರ ವಿಷಯದಲ್ಲಿ ಇದನ್ನು ನೆನಪಿಡಬೇಕು.

ಆದ್ದರಿಂದ ಐವರಿಗೆ ನನ್ನ ಸಲಹೆ ಖಾಸಗಿ ಬೋಟ್, ಅರ್ಧ ದಿನ, ಅದೂ ಬೆಳಗಿನ ಹೊತ್ತು. ಬಹಳಷ್ಟು ದ್ವೀಪಗಳಲ್ಲಿ ಬಿಸಿಲೇರಿದಂತೆ ಗಾಳಿಯೂ ಏರುತ್ತದೆ, ಮಧ್ಯಾಹ್ನದ ಕಡಲು ಬೆಳಗಿನ ಕಡಲಲ್ಲ. ಹಂಚಿಕೊಂಡ ಬೋಟಿನಲ್ಲಿ ತಲೆಗೆ ತಗಲುವ ಹಣ ಕಡಿಮೆ ನಿಜ, ಆದರೆ ಒಬ್ಬರಿಗೆ ವಾಂತಿಯಾಯಿತೆಂದು ಉಳಿದವರ ಪ್ರವಾಸವನ್ನು ಮೊಟಕುಗೊಳಿಸಿ ಬೋಟ್ ತಿರುಗಿಸುವುದಿಲ್ಲ. ಬೇಕೆಂದಾಗ ಮರಳುವ ಅಧಿಕಾರವೇ ಖಾಸಗಿ ಬೋಟಿನ ದೊಡ್ಡ ಸೌಲಭ್ಯ.

ಗಾಳದಾಸ

ಹಾಯಿಪಟ ಅವರ ಮಾತಿನ ಒಂದು ಭಾಗಕ್ಕೆ ನನ್ನ ಒಪ್ಪಿಗೆಯಿಲ್ಲ. ಅರ್ಧ ದಿನ ಸಾಕೇ ಎಂಬುದು ಆಳದ ನೀರು ದಡದಿಂದ ಎಷ್ಟು ದೂರವಿದೆ ಎಂಬುದನ್ನು ಅವಲಂಬಿಸಿದೆ. ಹವಾಯಿಯ ಕೋನಾ ಕರಾವಳಿಯಲ್ಲಿ ಜ್ವಾಲಾಮುಖಿಯ ಇಳಿಜಾರು ನೀರಿನೊಳಗೂ ಹಾಗೆಯೇ ಮುಂದುವರಿಯುವುದರಿಂದ ದಡದಿಂದ ಕೆಲವೇ ಕಿಲೋಮೀಟರ್ ದಾಟುವಷ್ಟರಲ್ಲಿ ಸಾವಿರ ಮೀಟರಿಗೂ ಹೆಚ್ಚು ಆಳ ಸಿಗುತ್ತದೆ. ಮೇಲಾಗಿ ಮೌನಾ ಲೋವಾ, ಹುವಾಲಲೈ ಪರ್ವತಗಳು ಪೂರ್ವದಿಂದ ಬೀಸುವ ವಾಣಿಜ್ಯ ಮಾರುತವನ್ನು ತಡೆದು ನಿಲ್ಲಿಸುವುದರಿಂದ ಆ ಬದಿಯ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಮಾರಿಷಸ್‌ನ ಪಶ್ಚಿಮ ತೀರದ ಬ್ಲ್ಯಾಕ್ ರಿವರ್ ಸುತ್ತಮುತ್ತಲೂ ಆಳ ಹತ್ತಿರವೇ ಇದೆ. ಅಲ್ಲಿ ನೀಲಿ ಮಾರ್ಲಿನ್‌ನ ಕಾಲ ಸರಿಸುಮಾರು ನವೆಂಬರಿನಿಂದ ಮಾರ್ಚ್. ಇಂಥ ಕಡೆ ನಾಲ್ಕು ಗಂಟೆ ವ್ಯರ್ಥವಾಗದು. ಆದರೆ ಆಳ ತಲುಪಲು ಒಂದೂವರೆ ಗಂಟೆ ಹಿಡಿಯುವ ದ್ವೀಪದಲ್ಲಿ ಅರ್ಧ ದಿನ ಹೊರಟರೆ ಗಾಳ ನೀರಿನಲ್ಲಿರುವುದು ಒಂದೇ ಗಂಟೆ. ನಾಲ್ಕು ಗಂಟೆಯೆಂದರೆ ಬೋಟ್ ಹತ್ತುವ ಕಟ್ಟೆಯಿಂದ ಮರಳಿ ಕಟ್ಟೆಗೋ, ದಾರ ಇಳಿಸಿದಾಗಿನಿಂದ ಎತ್ತುವವರೆಗೋ ಎಂದು ಸ್ಪಷ್ಟವಾಗಿ ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಬೋಟಿನವರ ಪ್ರಾಮಾಣಿಕತೆ ಗೊತ್ತಾಗುತ್ತದೆ.

ಚಿತ್ರಗಳ ವಿಷಯಕ್ಕೆ ಬಂದರೆ, ಆಳೆತ್ತರದ ಮಾರ್ಲಿನ್‌ಗಳು ಬಹುಪಾಲು ಹೆಣ್ಣು. ಗಂಡು ನೀಲಿ ಮಾರ್ಲಿನ್ 150 ಕಿಲೋ ದಾಟುವುದೇ ವಿರಳ. 1953ರಲ್ಲಿ ಪೆರುವಿನ ಕಾಬೊ ಬ್ಲಾಂಕೊದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ 1,560 ಪೌಂಡಿನ, ಎಂದರೆ ಸುಮಾರು 707 ಕಿಲೋದ ಕಪ್ಪು ಮಾರ್ಲಿನ್ ಇಂದಿಗೂ ಆ ಜಾತಿಯ ದಾಖಲೆಯಾಗಿ ಉಳಿದಿದೆ. ಅಷ್ಟು ದೊಡ್ಡದನ್ನು ಕೊಂದು ತೂಗುಹಾಕುವುದೆಂದರೆ ಮೊಟ್ಟೆಯಿಡುವ ಮೀನನ್ನೇ ಕಳೆದುಕೊಂಡಂತೆ. ಅದಕ್ಕಾಗಿಯೇ ಈಗ ಹಲವು ಕ್ಯಾಪ್ಟನ್‌ಗಳು ಮಾರ್ಲಿನ್‌ಗೆ ಗುರುತಿನ ಪಟ್ಟಿ ಸಿಕ್ಕಿಸಿ, ನೀರಿನಲ್ಲಿರುವಾಗಲೇ ಬಿಟ್ಟುಬಿಡುತ್ತಾರೆ. ಜೀವಂತ ಅಥವಾ ಸತ್ತ ಮೀನನ್ನು ಎರೆಯಾಗಿ ಬಳಸುವ ಬೋಟಾದರೆ ವೃತ್ತಾಕಾರದ ಕೊಕ್ಕೆಯನ್ನೇ ಬಳಸುತ್ತಾರೆಯೇ ಎಂದು ಕೇಳಿ. ಅದು ಮೀನಿನ ಹೊಟ್ಟೆಗಿಳಿಯದೆ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುವುದೇ ಹೆಚ್ಚು. ಹಾಗಾಗಿ ಬಿಟ್ಟ ಮೀನು ಬದುಕುವ ಸಾಧ್ಯತೆ ಹೆಚ್ಚು. ಕೆರೆಯಲ್ಲಿ ಮಾಡುವಂತೆ ಕಚ್ಚಿದ ಕೂಡಲೇ ಜಗ್ಗಬೇಡಿ, ಈ ಕೊಕ್ಕೆಗೆ ನಿಧಾನವಾಗಿ ದಾರ ಬಿಗಿಗೊಳಿಸುವುದೇ ಕ್ರಮ. ನಿಮ್ಮ ಹೆಸರಿಗೆ ಒಪ್ಪುವ ಕೊಕ್ಕೆ!

ತೆರೆಸಾಲು

ಹಣದ ವಿಷಯದಲ್ಲಿ ನಾನು ಪೆಟ್ಟು ತಿಂದವನು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಮಧ್ಯವರ್ತಿಯೊಬ್ಬರ ಮೂಲಕ ಎರಡು ಎಂಜಿನ್‌ಗಳ, ನೆರಳಿನ ಕೋಣೆಯಿದ್ದ ದೊಡ್ಡ ಬೋಟನ್ನು ಕಾದಿರಿಸಿ ಮುಂಗಡ ಕಟ್ಟಿದ್ದೆ. ಬೆಳಗಿನ ಆರಕ್ಕೆ ಕಟ್ಟೆಗೆ ಹೋದರೆ ಅಲ್ಲಿ ಕಾಯುತ್ತಿದ್ದದ್ದು ಒಂದೇ ಎಂಜಿನ್ನಿನ, ಬಿಸಿಲಿಗೆ ಬಟ್ಟೆಯ ಚಪ್ಪರವಷ್ಟೇ ಇದ್ದ ಬೋಟ್. ಕಾದಿರಿಸಿದ್ದಕ್ಕೆ ರಿಪೇರಿ ಬಂದಿದೆ, ಇದು ಅದಕ್ಕೆ ಸಮನಾದದ್ದು ಎಂದರು. ಷರತ್ತುಗಳನ್ನು ಆಮೇಲೆ ಓದಿ ನೋಡಿದರೆ, ಸಮನಾದ ಬೋಟ್ ಒದಗಿಸುವ ಹಕ್ಕು ಅವರಿಗಿದೆ ಎಂಬ ಸಾಲು ಅಲ್ಲಿಯೇ ಇತ್ತು. ಸಮನಾದದ್ದೆಂದರೆ ಏನು ಎಂಬ ವಿವರಣೆ ಮಾತ್ರ ಇರಲಿಲ್ಲ.

ಅಂದಿನಿಂದ ನಾನು ಬೋಟಿನ ಹೆಸರು, ಉದ್ದ, ಎಂಜಿನ್‌ಗಳ ಸಂಖ್ಯೆ ಮತ್ತು ಅಂದು ಬರುವ ಕ್ಯಾಪ್ಟನ್ ಯಾರು ಎಂಬುದನ್ನು ಬರಹದಲ್ಲಿ ಪಡೆಯದೆ ಹಣ ಕಟ್ಟುವುದಿಲ್ಲ. ಸಾಧ್ಯವಾದರೆ ಕ್ಯಾಪ್ಟನ್‌ನೊಂದಿಗೇ ನೇರವಾಗಿ ಮಾತಾಡುತ್ತೇನೆ. ಹವಾಮಾನ ಕೆಟ್ಟರೆ ಪ್ರವಾಸ ರದ್ದುಪಡಿಸುವ ತೀರ್ಮಾನ ಯಾರದು ಎಂಬುದು ಇನ್ನೂ ಮುಖ್ಯ. ಅವರು ರದ್ದುಪಡಿಸಿದರೆ ಹಣ ಪೂರ್ತಿ ಮರಳುತ್ತದೆಯೋ, ಬೇರೆ ದಿನ ಮಾತ್ರ ಕೊಡುತ್ತಾರೋ? ಕ್ಯಾಪ್ಟನ್ ಹೋಗಬಹುದೆಂದು ಹೇಳಿ, ಅಲೆಗಳನ್ನು ಕಂಡು ನೀವು ಬೇಡವೆಂದರೆ ಏನಾಗುತ್ತದೆ? ಕೊನೆಯ ಈ ಸಂದರ್ಭದಲ್ಲಿ ಮುಂಗಡ ಕಳೆದುಕೊಳ್ಳುವವರು ಬಹಳ ಮಂದಿ. ಇದೇ ಕಾರಣಕ್ಕೆ ಪ್ರವಾಸವನ್ನು ವಾರದ ಮೊದಲ ದಿನಗಳಲ್ಲೇ ಇಟ್ಟುಕೊಳ್ಳಿ. ಗಾಳಿ ಎದ್ದರೆ ಮುಂದೂಡಲು ದಿನಗಳಿರುತ್ತವೆ.

ಅಲೆಯ ಮುನ್ಸೂಚನೆ ನೋಡುವಾಗ ಎತ್ತರವನ್ನು ಮಾತ್ರ ನೋಡಿ ಹೆದರಬೇಡಿ, ಧೈರ್ಯವನ್ನೂ ತಂದುಕೊಳ್ಳಬೇಡಿ. ಎರಡು ಅಲೆಗಳ ನಡುವಿನ ಅವಧಿಯನ್ನೂ ನೋಡಿ. ಹನ್ನೆರಡು ಸೆಕೆಂಡಿಗೊಮ್ಮೆ ಬರುವ ಎರಡು ಮೀಟರಿನ ಅಲೆ ಬೋಟನ್ನು ತೊಟ್ಟಿಲಿನಂತೆ ಎತ್ತಿ ಇಳಿಸುತ್ತದೆ. ಅದೇ ಎತ್ತರದ್ದು ಆರು ಸೆಕೆಂಡಿಗೊಮ್ಮೆ ಬಂದರೆ ಮೈಮೂಳೆ ಅಲುಗಿಸುತ್ತದೆ.

ಸುರಕ್ಷತೆಯ ಬಗ್ಗೆ ಕೇಳಲು ಸಂಕೋಚ ಬೇಡ. ಪ್ರಯಾಣಿಕರನ್ನು ಕರೆದೊಯ್ಯುವ ಪರವಾನಗಿ ಮತ್ತು ವಿಮೆ ಇರಬೇಕು. ಎಷ್ಟು ಜನರಿಗೆ ಅನುಮತಿಯಿದೆ ಎಂಬುದನ್ನೂ ನೋಡಿ: ಅಮೆರಿಕದ ಕಾನೂನಿನಲ್ಲಿ ಕೋಸ್ಟ್ ಗಾರ್ಡ್ ತಪಾಸಣೆಯ ಪ್ರಮಾಣಪತ್ರ ಪಡೆಯದ ಸಣ್ಣ ಬಾಡಿಗೆ ಬೋಟ್‌ಗಳು ಆರಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹತ್ತಿಸುವಂತಿಲ್ಲ, ಹೀಗಾಗಿ ಹವಾಯಿಯಲ್ಲಿ ಆರರ ಮಿತಿಯನ್ನು ಹೆಚ್ಚಾಗಿ ಕಾಣುತ್ತೀರಿ. ನೀವು ಐವರು, ತೊಂದರೆಯಿಲ್ಲ. ಮೊಬೈಲ್ ಸಿಗದ ದೂರದಲ್ಲಿ ವಿಎಚ್‌ಎಫ್ ರೇಡಿಯೊ ಇರಲೇಬೇಕು (ಅದರ 16ನೇ ಚಾನೆಲ್ ಎಲ್ಲೆಡೆಯೂ ಆಪತ್ತಿನ ಕರೆಗೆಂದು ಗೊತ್ತುಪಡಿಸಿದ್ದು), ಜೊತೆಗೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಆಪತ್ಕಾಲದ ಬೀಕನ್ ಇದ್ದರೆ ಒಳ್ಳೆಯದು. ಮಗಳ ಅಳತೆಯ ಜೀವರಕ್ಷಕ ಜಾಕೆಟ್ ಇದೆಯೇ ಎಂದು ಅವಳ ತೂಕ ಹೇಳಿಯೇ ಕೇಳಿ. ಮಕ್ಕಳಿಗೂ ಇದೆ ಎಂಬ ಉತ್ತರ ಸಾಲದು, ದೊಡ್ಡವರ ಜಾಕೆಟ್ಟಿನಿಂದ ಮಗು ಜಾರಿಹೋಗಬಹುದು.

ಕಡಲಂಚು

ತಂದೆಯವರ ಬಗ್ಗೆ ನಾಲ್ಕು ಮಾತು. ಸಮುದ್ರದಲ್ಲಿ ಹೊಟ್ಟೆ ತೊಳಸುವುದಕ್ಕೆ ಔಷಧವನ್ನು ವಾಕರಿಕೆ ಶುರುವಾದ ಮೇಲೆ ತೆಗೆದುಕೊಂಡರೆ ಉಪಯೋಗ ಅಷ್ಟಕ್ಕಷ್ಟೆ. ಮೆಕ್ಲಿಜಿನ್ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು, ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿಯನ್ನು ಕನಿಷ್ಠ ನಾಲ್ಕು ಗಂಟೆ ಮೊದಲೇ ಅಂಟಿಸಬೇಕು. ಆದರೆ ಕೆಲವು ಬಗೆಯ ಗ್ಲಾಕೋಮ (ಕಣ್ಣಿನ ಒತ್ತಡದ ಕಾಯಿಲೆ) ಇರುವವರಿಗೆ ಆ ಪಟ್ಟಿ ಸಲ್ಲದು. ಪ್ರಾಸ್ಟೇಟ್‌ನಿಂದ ಮೂತ್ರಕ್ಕೆ ತೊಂದರೆಯಿರುವ ಹಿರಿಯರಿಗೂ ಅಪಾಯವಾಗಬಹುದು, ವಯಸ್ಸಾದವರಲ್ಲಿ ಗೊಂದಲ, ಮಂಪರು ತರುವುದೂ ಉಂಟು. ಮಕ್ಕಳಿಗೆ ಅದನ್ನು ಹಾಕುವಂತಿಲ್ಲ. ವೈದ್ಯರನ್ನು ಕೇಳದೆ ಎರಡನ್ನೂ ಕೊಡಬೇಡಿ. ಬೋಟಿನಲ್ಲಿ ಅವರನ್ನು ಹಿಂಭಾಗದ ಮಧ್ಯದಲ್ಲಿ, ಡೀಸೆಲ್ ಹೊಗೆ ಮುಖಕ್ಕೆ ಬಡಿಯದ ಕಡೆ, ದಿಗಂತ ಕಾಣುವಂತೆ ಕೂರಿಸಿ. ಕೋಣೆಯೊಳಗೆ ಮಲಗಿಸಿದರೆ ಸುಧಾರಿಸುತ್ತದೆಂದು ಹಲವರು ಒಳಗೆ ಕಳಿಸುತ್ತಾರೆ. ಹೊರಗಿನ ದಿಗಂತ ಕಾಣದಾದರೆ ಬಹಳ ಮಂದಿಗೆ ಅದು ಇನ್ನಷ್ಟು ಬಿಗಡಾಯಿಸುತ್ತದೆ.

ಯಾರೂ ಪ್ರಸ್ತಾಪಿಸದ ಇನ್ನೊಂದು ವಿಷಯ, ಹಿಡಿದ ಮೀನು ಯಾರದು ಎಂಬುದು. ಹವಾಯಿಯಲ್ಲಿ ಬಾಡಿಗೆ ಬೋಟುಗಳು ಮೀನನ್ನು ತಾವೇ ಇಟ್ಟುಕೊಂಡು ಪ್ರವಾಸಿಗರಿಗೆ ಒಂದು ಪಾಲು ಕೊಡುವುದು ಸಾಮಾನ್ಯ ರೂಢಿ. ಮೊದಲೇ ಕೇಳಿಕೊಂಡರೆ ಕಟ್ಟೆಯ ಮೇಲೆ ಮುಖ ಸಪ್ಪಗಾಗುವುದಿಲ್ಲ. ತಿನ್ನುವ ಉದ್ದೇಶವಿದ್ದರೆ ಬೋಟಿನಲ್ಲಿ ಸಾಕಷ್ಟು ಮಂಜುಗಡ್ಡೆ ಇದೆಯೇ ನೋಡಿ: ಟ್ಯೂನ, ಮಾಹಿಮಾಹಿಗಳನ್ನು ಬಿಸಿಲಿನಲ್ಲಿ ಬಿಟ್ಟರೆ ಅವುಗಳ ಮಾಂಸದಲ್ಲಿ ತಿಂದವರಿಗೆ ವಿಷಬಾಧೆ ತರುವ ಹಿಸ್ಟಮಿನ್ ಹೆಚ್ಚುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಹವಳದ ದಿಬ್ಬದ ದೊಡ್ಡ ಬೇಟೆಗಾರ ಮೀನುಗಳಲ್ಲಿ, ಮುಖ್ಯವಾಗಿ ಬರಾಕುಡದಲ್ಲಿ, ಸಿಗ್ವಟೆರ ಎಂಬ ಕಾಯಿಲೆ ತರುವ ವಿಷ ಇರಬಹುದು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಅದು ಬೆಂಕಿಗೂ ಮಂಜಿಗೂ ಜಗ್ಗದು. ಹಾಯಿಪಟ ಅವರು ಹೇಳಿದ ದಿಬ್ಬದಂಚಿನ ಮೀನುಗಾರಿಕೆಗೆ ಹೋಗುವುದಾದರೆ ಯಾವುದನ್ನು ತಿನ್ನಬಹುದು, ಯಾವುದನ್ನು ಬಿಡಬೇಕು ಎಂಬ ವಿಚಾರದಲ್ಲಿ ಅಲ್ಲಿನ ಕ್ಯಾಪ್ಟನ್ ಹೇಳಿದ್ದೇ ಕೊನೆಯ ಮಾತಾಗಲಿ.

ನಿಧಾನಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಪ್ರಶ್ನೆಗಳನ್ನು ಮೂರು ಬೋಟಿನವರಿಗೆ ಕಳಿಸಿದೆ. ಒಬ್ಬರು ಮಾರ್ಲಿನ್ ಖಚಿತ ಎಂದು ಬರೆದರು, ಅವರನ್ನು ಅಲ್ಲಿಗೇ ಬಿಟ್ಟೆ. ಇನ್ನೊಬ್ಬರು ಮುಂಗಡದ ಪ್ರಶ್ನೆಗೆ ಉತ್ತರಿಸದೆ ರಿಯಾಯಿತಿಯ ವಿಷಯ ಎತ್ತಿದರು. ಮೂರನೆಯವರ ಕಡೆಯಿಂದ ಸ್ವತಃ ಕ್ಯಾಪ್ಟನ್ನೇ ಉತ್ತರಿಸಿದರು: ಆಳ ತಲುಪಲು ಇಪ್ಪತ್ತೈದು ನಿಮಿಷ, ಸಮಯದ ಲೆಕ್ಕ ಕಟ್ಟೆಯಿಂದ ಕಟ್ಟೆಗೆ, ತಾವು ರದ್ದುಪಡಿಸಿದರೆ ಪೂರ್ತಿ ಹಣ ವಾಪಸು, ಮಗಳ ತೂಕಕ್ಕೆ ಸರಿಹೊಂದುವ ಜಾಕೆಟ್ ಇದೆ. ಎಪ್ಪತ್ತು ದಾಟಿದವರು ಇದ್ದಾರೆಂದರೆ ಎಂಟು ಗಂಟೆ ಬೇಡ, ಐದು ಗಂಟೆ ಸಾಕು. ಮೊದಲ ಎರಡು ಗಂಟೆ ಟ್ರೋಲಿಂಗ್ ಮಾಡಿ, ಹಿರಿಯರು ಕಡಲಿಗೆ ಒಗ್ಗಿದರೆ ಮಾತ್ರ ದಿಬ್ಬದಂಚಿನಲ್ಲಿ ಬೋಟ್ ನಿಲ್ಲಿಸೋಣ ಎಂದೂ ಅವರೇ ಸೂಚಿಸಿದರು. ಹೆಚ್ಚು ಗಂಟೆ ಮಾರಬಹುದಾಗಿದ್ದವರು ಕಡಿಮೆ ಮಾಡಿಸಿದ್ದು ನನಗೆ ಹಿಡಿಸಿತು. ಪ್ರವಾಸದ ಎರಡನೆಯ ದಿನಕ್ಕೆ ಅವರನ್ನೇ ಕಾದಿರಿಸಿದ್ದೇನೆ. ತಂದೆಯವರಿಗೆ ಗ್ಲಾಕೋಮ ಇರುವುದರಿಂದ ವೈದ್ಯರು ಪಟ್ಟಿ ಬೇಡವೆಂದು ಬೇರೊಂದು ಮಾತ್ರೆ ಬರೆದುಕೊಟ್ಟಿದ್ದಾರೆ.

ಕಡಲಂಚು

ಒಳ್ಳೆಯ ಆಯ್ಕೆ. ವೈದ್ಯರ ಒಪ್ಪಿಗೆಯಿದ್ದರೆ, ಹೊರಡುವ ಒಂದು ವಾರ ಮೊದಲು ಮನೆಯಲ್ಲಿರುವ ದಿನವೇ ಆ ಮಾತ್ರೆಯನ್ನು ಒಮ್ಮೆ ಕೊಟ್ಟು ನೋಡಿ. ಎಷ್ಟು ನಿದ್ದೆ ಬರುತ್ತದೆ, ನಡಿಗೆ ತೂರಾಡುತ್ತದೆಯೇ ಎಂಬುದು ಅಲುಗಾಡದ ನೆಲದ ಮೇಲೆಯೇ ಗೊತ್ತಾಗಲಿ.